ಹಿಡಿಯೊಳಗೆ ಉಕ್ಕಿಲ್ಲದ ಚಾಕು

ಕುಂಚಾವರಂ
14-11-2024, ಗುರುವಾರ

ತಮ್ಮ ಅಂಬರೇಶನಿಗೆ,

ಹೆಸರಿನ ಹಿಂದೆ ‘ಪ್ರೀತಿಯ’ ಎಂದು ಬರೆಯಲು ಹೋದೆ, ಕೈ ಒಪ್ಪಲಿಲ್ಲ. ಆದರೂ ಆರೋಗ್ಯ ಕೇಳದೆ ಸುದ್ದಿ ಬರೆಯಬಾರದು ಎಂದು ಅವ್ವ ಕಲಿಸಿದ್ದಾಳೆ, ಅದನ್ನು ಬಿಡಲಾರೆ. ಹೈದರಾಬಾದಿನ ನೀರಿಗೆ ಗಂಟಲು ಕಟ್ಟುತ್ತದೆ ಎನ್ನುತ್ತಿದ್ದೆಯಲ್ಲ, ಈಗ ಹೇಗಿದೆ? ವಾಸಿಯಾಗಿರಬೇಕು. ಹೋದ ವಾರದ ವಿಡಿಯೋದಲ್ಲಿ ಹನ್ನೆರಡು ನಿಮಿಷ ಒಂದೇ ಸಮನೆ ಮಾತಾಡಿದ್ದೀಯ, ಒಮ್ಮೆಯೂ ಕೆಮ್ಮಲಿಲ್ಲ, ಒಮ್ಮೆಯೂ ತಡವರಿಸಲಿಲ್ಲ. ಸುಳ್ಳು ಹೇಳುವಾಗ ನಿನ್ನ ಗಂಟಲು ಸಣ್ಣವನಿದ್ದಾಗಿನಿಂದಲೂ ಹೀಗೇ ಸ್ವಚ್ಛ. ಅವ್ವ ಭಂಕೂರಿನಲ್ಲಿ ಆರಾಮಿದ್ದಾಳೆ. ನಾನೂ ಆರಾಮ. ನಿನ್ನ ಮಾವ, ನನ್ನ ಗಂಡ, ಹೇಗಿದ್ದಾರೆಂದು ನೀನು ಕೇಳಿಲ್ಲ. ಕೇಳದಿದ್ದರೂ ಹೇಳುತ್ತೇನೆ, ಅದಕ್ಕೇ ಈ ಕಾಗದ. ಫೋನಿನಲ್ಲಿ ನನ್ನ ನಂಬರನ್ನು ಬ್ಲಾಕ್ ಮಾಡಿದ್ದೀಯ. ಕಾಗದವನ್ನು ಹಾಗೆ ಬ್ಲಾಕ್ ಮಾಡಲು ಬರುವುದಿಲ್ಲ.

ನಿನಗೆ ಗೊತ್ತಿರುವುದನ್ನೇ ಮೊದಲಿನಿಂದ ಬರೆಯುತ್ತೇನೆ, ಯಾಕೆಂದರೆ ನೀನು ಜನರ ಮುಂದೆ ಹೇಳುತ್ತಿರುವ ಕಥೆ ಬೇರೆ. ಆಗಸ್ಟಿನಲ್ಲಿ ಕ್ಯಾಮೆರಾ ಹೊತ್ತುಕೊಂಡು ಇಲ್ಲಿಗೆ ಬಂದೆ. ಬಂದ ದಿನ ನಾನು ಮಾಡಿದ ಪುಂಡಿಪಲ್ಯೆ, ಖಡಕ್ ರೊಟ್ಟಿ ಉಂಡು, ಅಕ್ಕಾ ನಿನ್ನ ಕೈರುಚಿ ಯಾವ ಊರಾಗೂ ಸಿಗಂಗಿಲ್ಲ ಎಂದೆ. ಅಷ್ಟಕ್ಕೇ ನಾನು ಕರಗಿಹೋದೆ, ಹುಚ್ಚಿ. ಮರುದಿನ ಮಾವನನ್ನು ಕಾಡಿಗೆ ಕರೆದುಕೊಂಡು ಹೋಗಿ, ನಿನ್ನ ಚಾನೆಲ್ಲಿನಲ್ಲಿ ತೋರಿಸಿ ಮಾರುವ ಕಪ್ಪು ಹಿಡಿಯ ಆ ಚಾಕುವನ್ನು ಅವರ ಕೈಗೆ ಕೊಟ್ಟೆ. ಬೆನ್ನಿಗೆ ಗರಗಸದ ಹಲ್ಲು, ಹಿಡಿಯ ತುದಿಗೆ ದಿಕ್ಸೂಚಿ, ಹಿಡಿಯ ಪೊಳ್ಳಿನೊಳಗೆ ಬೆಂಕಿಕಡ್ಡಿ, ಗಾಳದ ದಾರ. ಹದಿನಾರು ವರ್ಷದಿಂದ ಈ ಕಾಡಿನಲ್ಲಿ ಜನರನ್ನು ನಡೆಸಿಕೊಂಡು ಹೋಗುವ ಮನುಷ್ಯ ಅವರು. ಡೇರೆಯ ಗೂಟ ಕೆತ್ತುವುದು, ಹಗ್ಗ ಕೊಯ್ಯುವುದು, ಒಲೆಗೆ ಪುರಳೆ ಸೀಳುವುದು, ಎಲ್ಲಕ್ಕೂ ಸೊಂಟದಲ್ಲಿ ಒಂದೇ ಚಾಕು. ನಿನ್ನದನ್ನು ತಿರುಗಿಸಿ ನೋಡಿ, ಇದು ಭಾಳ ಹಗೂರ ಅದಲ್ಲೋ ಅಂಬರೇಶ ಎಂದರು. ನಾನು ಪಕ್ಕದಲ್ಲೇ ಇದ್ದೆ. ನೀನು ನಕ್ಕು, ಮಾವಾ, ಈಗಿನ ಉಕ್ಕು ಹಿಂಗೇ ಇರ್ತದ, ಸುಮ್ನ ಕ್ಯಾಮೆರಾ ನೋಡಿ ಚೊಲೋ ಅದ ಅನ್ರಿ ಎಂದೆ. ಹೆಂಡತಿಯ ತಮ್ಮ, ಅವನ ಕೆಲಸಕ್ಕೆ ಒಂದು ಮಾತು ತಾನೆ ಎಂದು ಅವರು ಅಂದುಕೊಂಡರು. ಒಂದು ಕಡ್ಡಿಯನ್ನೂ ಕೊಯ್ಯದೆ, ಭಾಳ ಚೊಲೋ ಅದ ಎಂದರು. ಆ ಮಾತು ಇವತ್ತಿಗೂ ಅವರನ್ನು ಕೊರೆಯುತ್ತಿದೆ. ನಿನ್ನನ್ನು ಏನು ಕೊರೆಯುತ್ತದೆಯೋ ನನಗೆ ಗೊತ್ತಿಲ್ಲ.

ಹೋಗುವಾಗ ಅವರ ಹಳೆಯ ಚಾಕುವನ್ನೂ ಒಯ್ದೆ. ಎರಡನ್ನೂ ಹೋಲಿಸಿ ತೋರಿಸುತ್ತೇನೆ, ಹದಿನೈದು ದಿನಕ್ಕೆ ವಾಪಸ್ ಕಳಿಸುತ್ತೇನೆ ಎಂದೆ. ಅಲ್ಲಿಯವರೆಗೆ ಇದನ್ನೇ ವಾಪರಿಸ್ರಿ ಎಂದು ಪೊಳ್ಳು ಹಿಡಿಯದನ್ನು ಬಿಟ್ಟುಹೋದೆ. ಹೋಲಿಕೆಯನ್ನು ನೀನು ಮಾಡಲೇ ಇಲ್ಲ. ಮಾಡಿದ್ದರೆ ನಿನ್ನ ಚಾಕು ಅವತ್ತೇ ಸೋಲುತ್ತಿತ್ತು, ಅದು ನಿನಗೆ ಗೊತ್ತಿತ್ತು. ಮಾವನ ಚಾಕುವನ್ನು ನಿನ್ನ ಚಾನೆಲ್ಲಿನ ಸ್ಪರ್ಧೆಯಲ್ಲಿ ಗೆದ್ದ ಯಾರೋ ಒಬ್ಬನಿಗೆ ಬಹುಮಾನ ಎಂದು ಕೊಟ್ಟುಬಿಟ್ಟೆ. ಕಾಡಿನ ಗೈಡ್ ಒಬ್ಬ ಪ್ರೀತಿಯಿಂದ ಕೊಟ್ಟ ಹಳೆಯ ಚಾಕು ಎಂದು ಅದರ ಕೆಳಗೆ ಬರೆದಿದ್ದೆ. ಯಾರ ಪ್ರೀತಿ? ಯಾರು ಕೊಟ್ಟದ್ದು?

ಸೆಪ್ಟೆಂಬರ್ ಎರಡನೆಯ ವಾರ ಸೇಡಂನಿಂದ ಏಳು ಜನ ಬಂದರು. ಅವರಲ್ಲಿ ಹಿರಿಯರು ಶಿವಕಾಂತಮ್ಮ, ರಿಟೈರಾದ ಟೀಚರ್, ಅರವತ್ತೆರಡು ವರ್ಷ. ನಾನು ಯಾವತ್ತಿನಂತೆ ಅಡುಗೆಗೆ ಹೋಗಿದ್ದೆ. ಎರಡು ದಿನ ಡೇರೆ ಹಾಕಿ, ಮೂರನೆಯ ದಿನ ಮಧ್ಯಾಹ್ನ ವಾಪಸಾಗುವಾಗ ಮೇಲೆಲ್ಲೋ ಮಳೆ ಬಿದ್ದು, ಹೋಗುವಾಗ ಪಾದ ಮುಳುಗುವಷ್ಟಿದ್ದ ಹಳ್ಳ ತೊಡೆಯ ಮಟ್ಟಕ್ಕೆ ಬಂದಿತ್ತು. ಈ ಕಡೆಯ ಮತ್ತಿ ಮರಕ್ಕೂ ಆ ಕಡೆಯ ಮರಕ್ಕೂ ಹಗ್ಗ ಕಟ್ಟಿ, ನಿನ್ನ ಮಾವ ಒಬ್ಬೊಬ್ಬರನ್ನೇ ದಾಟಿಸಿದರು. ಆರು ಜನ ದಾಟಿದರು. ನಾನೂ ದಾಟಿದೆ. ಕೊನೆಗೆ ಶಿವಕಾಂತಮ್ಮ. ನಡುನೀರಿನಲ್ಲಿ ಅವರ ಕಾಲು ಜಾರಿತು. ಬೆನ್ನುಚೀಲದ ಎದೆಪಟ್ಟಿ ಹಗ್ಗಕ್ಕೆ ಸುತ್ತಿಕೊಂಡು ಬಿಗಿಯಿತು. ನೀರು ಅವರನ್ನು ಕೆಳಕ್ಕೆ ಎಳೆಯುತ್ತಿತ್ತು, ಪಟ್ಟಿ ಅಲ್ಲೇ ಹಿಡಿದಿತ್ತು. ಮುಖದ ಮೇಲೆ ನೀರು ಹರಿಯತೊಡಗಿತು. ಬಕಲ್ ಬಿಚ್ಚಲು ಆಗಲಿಲ್ಲ. ಮಾವ ಎಡಗೈಯಿಂದ ಅವರ ತಲೆಯನ್ನು ಮೇಲೆತ್ತಿ ಹಿಡಿದು, ಬಲಗೈಯಿಂದ ನಿನ್ನ ಚಾಕು ತೆಗೆದು, ಪಟ್ಟಿಯ ಕೆಳಗೆ ತೂರಿಸಿ ಎಳೆದರು.

ಒಂದೇ ಎಳೆತ, ಅಂಬರೇಶ. ಕಲ್ಲಿಗೆ ಹೊಡೆದಿರಲಿಲ್ಲ, ಮರಕ್ಕೆ ಸಿಗಿಸಿ ಮೀಟಿರಲಿಲ್ಲ. ಬಟ್ಟೆಯ ಪಟ್ಟಿ. ಅಲಗು ಹಿಡಿಯ ಬುಡದಲ್ಲಿ ಕಟ್ಟೆಂದು ಮುರಿದು, ತಿರುಗಿ, ಮಾವನದೇ ಬಲ ಅಂಗೈಗೆ ಇಳಿದು ನೀರಿಗೆ ಬಿತ್ತು. ಖಾಲಿ ಹಿಡಿ ಮುಷ್ಟಿಯಲ್ಲೇ ಉಳಿಯಿತು. ನೀರು ಕೆಂಪಾದದ್ದು ನೋಡಿ ಶಿವಕಾಂತಮ್ಮನಿಗೇ ಪೆಟ್ಟಾಯಿತು ಎಂದು ದಡದಲ್ಲಿದ್ದವರೆಲ್ಲ ಕೂಗಿಕೊಂಡರು. ಅಷ್ಟಾದರೂ ಮಾವ ಎಡಗೈಯಿಂದ ಅವರನ್ನು ಬಿಡಲಿಲ್ಲ. ಚಂದ್ರಿ, ನಿನ್ನ ಚೂರಿ ತಾ, ಲಗೂನ ತಾ ಎಂದು ಒದರಿದರು. ನಾನು ಅಡುಗೆಯ ಚೀಲವನ್ನು ಸುರುವಿ, ಉಳ್ಳಾಗಡ್ಡಿ ಹೆಚ್ಚುವ ಚೂರಿಯನ್ನು ಹಲ್ಲಿನಲ್ಲಿ ಕಚ್ಚಿ, ಹಗ್ಗ ಹಿಡಿದು ನೀರಿಗಿಳಿದೆ. ಚಿಂಚೋಳಿ ಸಂತೆಯಲ್ಲಿ ಕೊಂಡ ಚೂರಿ ಅದು, ಗೇಣುದ್ದವೂ ಇಲ್ಲ. ಮೂರನೆಯ ಎಳೆತಕ್ಕೆ ಪಟ್ಟಿ ಹರಿಯಿತು. ಶಿವಕಾಂತಮ್ಮನನ್ನು ದಡಕ್ಕೆ ಎಳೆದು ಹಾಕಿದಾಗ ಅವರು ನೀರು ಕಾರಿದರು, ಅತ್ತರು, ಆಮೇಲೆ ಎದ್ದು ಕೂತು ತಮ್ಮ ಸೆರಗನ್ನೇ ಹರಿದು ನಿನ್ನ ಮಾವನ ಕೈಗೆ ಕಟ್ಟಿದರು. ಅವತ್ತಿನಿಂದ ವಾರಕ್ಕೊಮ್ಮೆ ಫೋನ್ ಮಾಡುತ್ತಾರೆ. ಹೊರಗಿನವರು ಅವರು. ನೀನು ಒಡಹುಟ್ಟಿದವನು.

ಕಲಬುರಗಿಯಲ್ಲಿ ಆಪರೇಷನ್ ಆಯಿತು. ಬಲಗೈಯ ಕಿರುಬೆರಳು, ಉಂಗುರ ಬೆರಳು ಮಡಚುವುದಿಲ್ಲ. ಇನ್ನು ಮಡಚುವುದೂ ಇಲ್ಲ ಎಂದು ಡಾಕ್ಟರ್ ಹೇಳಿದ್ದಾರೆ. ರೊಟ್ಟಿ ಮುರಿಯುವಾಗ ಆ ಎರಡು ಬೆರಳು ಕಡ್ಡಿಯಂತೆ ನೆಟ್ಟಗೆ ನಿಂತಿರುತ್ತವೆ. ನಾನು ನೋಡದವಳಂತೆ ಏನೋ ತರಲು ಏಳುತ್ತೇನೆ. ಆಸ್ಪತ್ರೆಯಿಂದ ನಿನಗೆ ಫೋನ್ ಮಾಡಿದಾಗ ನೀನು ಅಂದದ್ದು ನೆನಪಿದೆಯಾ? ಮಾವ ಅದನ್ನ ತಪ್ಪು ಹಿಡದಿರಬೇಕು ಅಕ್ಕಾ, ಹಂಗೆಲ್ಲಾ ಮುರಿಯಂಗಿಲ್ಲ ಅದು. ಸರಿ, ಗಾಬರಿಯಲ್ಲಿ ಅಂದಿರಬೇಕು ಎಂದುಕೊಂಡೆ. ದಸರೆಗೆ ಬರುತ್ತಾನೆ, ಬಂದು ಮಾವನ ಕೈ ನೋಡುತ್ತಾನೆ, ತಲೆ ತಗ್ಗಿಸುತ್ತಾನೆ ಎಂದುಕೊಂಡೆ. ನೀನು ಬರಲಿಲ್ಲ. ಹೋದ ವಾರ ನಿನ್ನ ವಿಡಿಯೋ ಬಂತು. ಚಾಕು ಮುರಿದರೆ ತಪ್ಪು ಯಾರದು ಎಂದು ಅದರ ಹೆಸರು. ಅದರಲ್ಲಿ, ಅನುಭವಿ ಎಂದುಕೊಳ್ಳುವ ಹಳ್ಳಿಯ ಗೈಡ್‌ಗಳೂ ಹೊಸ ಸಾಮಾನು ಬಳಸಲು ತಿಳಿಯದೆ ಕೈ ಕೊಯ್ದುಕೊಳ್ಳುತ್ತಾರೆ ಎಂದೆ. ಹೆಸರು ಹೇಳಲಿಲ್ಲ, ಜಾಣ. ಆದರೆ ಹಿಂದೆ ತೋರಿಸಿದ್ದು ನಮ್ಮದೇ ಕಾಡು. ಆಗಸ್ಟಿನ ಹಳೆಯ ವಿಡಿಯೋದಲ್ಲಿ ನಿನ್ನ ಮಾವ ಇನ್ನೂ ನಗುತ್ತಾ ಭಾಳ ಚೊಲೋ ಅದ ಎನ್ನುತ್ತಲೇ ಇದ್ದಾರೆ.

ನೀನು ನನ್ನ ಮಾತು ನಂಬುವುದಿಲ್ಲವಲ್ಲ, ಅದಕ್ಕೆ ಬಲ್ಲವರ ಹತ್ತಿರ ಹೋದೆ. ಚಿಂಚೋಳಿಯ ಕುಲುಮೆಯ ಹಾಜಿಮಲಂಗ್ ಚಾಚಾನ ಮುಂದೆ ಆ ಖಾಲಿ ಹಿಡಿಯನ್ನು ಇಟ್ಟೆ. ಅವರು ಗರಗಸದಿಂದ ಅದನ್ನು ಉದ್ದಕ್ಕೆ ಸೀಳಿದರು. ಒಳಗೆ ಅಲಗಿನ ಬಾಲ ನನ್ನ ಹೆಬ್ಬೆರಳಿನ ಒಂದು ಗೆಣ್ಣಿನಷ್ಟು ಉದ್ದ, ಮೊಳೆಯಷ್ಟು ಸಣ್ಣ. ಸುತ್ತ ಅಂಟು ತುಂಬಿತ್ತು. ಚಾಚಾ ಅದನ್ನು ನೋಡಿ ನಗಲಿಲ್ಲ. ಇದ್ರಾಗ ದಮ್ಮೇ ಇಲ್ಲ ಬೇಟಿ, ಅಲಗು ಹಿಡಿಯ ತುದಿಗಂಟ ಒಂದೇ ಉಕ್ಕಾಗಿ ಬರಬೇಕು, ಮ್ಯಾಲ ಕಟ್ಟಿಗಿ ಬರೇ ಕೈಗೆ ಮೆತ್ತಗ ಇರ್ಲಿ ಅಂತ, ಇದನ್ನ ಕಾಡಿಗೆ ಯಾರು ಕೊಟ್ಟು ಕಳಿಸಿದ್ರು ಎಂದರು. ನನ್ನ ತಮ್ಮ ಎಂದು ಹೇಳಲು ನಾಚಿಕೆಯಾಗಿ, ಅಂಗಡಿಯವರು ಎಂದೆ. ನಿನಗಾಗಿ ನಾನು ಹೇಳಿದ ಕೊನೆಯ ಸುಳ್ಳು ಅದು.

ಮಾವನಿಗೆ ಹೊಸ ಚಾಕು ಬೇಕೇ ಬೇಕಿತ್ತು. ಶಹಾಬಾದ್, ವಾಡಿ ಎಲ್ಲ ಸುತ್ತಿದೆ. ಹೊಳೆಯುವುದನ್ನು, ಮಡಚುವುದನ್ನು, ಗರಗಸದ ಹಲ್ಲಿನದನ್ನು, ಇನ್ನೂ ಏನೇನೋ ತೋರಿಸಿದರು. ಹಿಡಿಯ ಅಂಚಿನಲ್ಲಿ ಉಕ್ಕು ಕಾಣುತ್ತದೆಯೇ ಎಂದು ನೋಡಿ ನೋಡಿ ಎಲ್ಲವನ್ನೂ ವಾಪಸಿಟ್ಟೆ. ಕೊನೆಗೆ ಚಾಚಾನೇ ಲಾರಿಯ ಕಮಾನ್ ಪಟ್ಟಿಯ ಉಕ್ಕಿನಿಂದ ಮಾಡಿಕೊಟ್ಟರು. ಅಲಗು ಅಂಗೈ ಅಗಲಕ್ಕಿಂತ ತುಸು ಉದ್ದ, ಬೆನ್ನು ದಪ್ಪ, ಹಲ್ಲುಗಿಲ್ಲು ಇಲ್ಲ. ಕೊಯ್ಯುವ ಬಾಯಿಗೆ ಮಾತ್ರ ಗಟ್ಟಿ ಹದ ಕೊಟ್ಟರು, ಬೆನ್ನಿಗೂ ಅಷ್ಟೇ ಕೊಟ್ಟರೆ ಗಾಜಿನಂತೆ ಒಡೆಯುತ್ತದಂತೆ. ಹಿಡಿಗೆ ಜಾಲಿ ಕಟ್ಟಿಗೆ, ಮೂರು ಮೊಳೆ. ಹಿಡಿಯನ್ನು ಎಡಗೈಗೆ ಕೂರುವಂತೆ ಕೆತ್ತಬೇಕಾಯಿತು. ಅದಕ್ಕಾಗಿ ಮಾವ ಮೂರು ಸಲ ಕುಲುಮೆಗೆ ಹೋಗಿ ಕೂತರು, ಮೊದಲ ಸಲ ಅಕ್ಷರ ತಿದ್ದುವ ಮಗುವಿನ ಹಾಗೆ ಎಡಗೈಯನ್ನು ಮುಂದೆ ಚಾಚಿಕೊಂಡು. ಅದನ್ನು ನೀನು ಬಂದು ವಿಡಿಯೋ ಮಾಡಬೇಕಿತ್ತು.

ಒಂದು ಮಾತು ನೆಟ್ಟಗೆ ಹೇಳಬೇಕು. ನಿನ್ನ ಮಾವ ನಿನ್ನನ್ನು ಬಯ್ಯುವುದಿಲ್ಲ. ತಪ್ಪು ನಂದೂ ಅದ, ಕೊಯ್ದು ನೋಡದ ಚಾಕಿಗೆ ಚೊಲೋ ಅಂದೀನಿ ಎನ್ನುತ್ತಾರೆ. ಅವರ ಮುಖ ನೋಡಿ ಅದನ್ನು ಕೊಂಡವರು ನಮ್ಮ ಸುತ್ತಲೇ ನಾಲ್ಕು ಜನ ಇದ್ದರು. ಕೈಗೆ ಪಟ್ಟಿ ಇರುವಾಗಲೇ ಕೊಡ್ಲಿ ಊರಿಗೆ, ಚಿತ್ತಾಪುರಕ್ಕೆ ಬಸ್ಸು ಹತ್ತಿ ಹೋಗಿ, ಅವರ ಮನೆ ಬಾಗಿಲಲ್ಲಿ ನಿಂತು, ನಾ ಸುಳ್ಳು ಹೇಳೀನ್ರಿ, ಅದನ್ನ ಕಾಡಿಗೆ ಒಯ್ಯಬ್ಯಾಡ್ರಿ ಎಂದು ಹೇಳಿ ಬಂದರು. ಚಿತ್ತಾಪುರದಲ್ಲಿ ಒಬ್ಬ ನಕ್ಕನಂತೆ, ಒಬ್ಬ ಬಾಗಿಲು ಹಾಕಿಕೊಂಡನಂತೆ. ಅವರು ಮನೆಗೆ ಬಂದು ಊಟ ಬೇಡ ಎಂದು ಮಲಗಿದರು. ಅವತ್ತು ನಾನು ನಿನ್ನನ್ನು ಶಪಿಸಿದೆ. ಮಾವನ ಕೈ ನೋಡಲು ಬಂದಿದ್ದ ಅವ್ವನ ಮುಂದೆಯೇ ಶಪಿಸಿದೆ. ಅವ್ವ ಅತ್ತಳು. ನಿನ್ನ ವಿಡಿಯೋವನ್ನು ಅಕ್ಕಪಕ್ಕದವರಿಗೆಲ್ಲ ತೋರಿಸಿ ಹಿಗ್ಗುತ್ತಿದ್ದವಳು ಅವಳು. ಈಗ ಯಾರಾದರೂ ನಿನ್ನ ಮಾತು ಎತ್ತಿದರೆ ಒಲೆಯ ಮುಂದೆ ಹೋಗಿ ಕೂರುತ್ತಾಳೆ. ಸಣ್ಣವನದಾನ, ಬಿಟ್ಟುಬಿಡು ಎಂದು ನನಗೂ ಹೇಳಿದಳು. ಇಪ್ಪತ್ತೊಂಬತ್ತು ವರ್ಷದವನು ಯಾವ ಲೆಕ್ಕದಲ್ಲಿ ಸಣ್ಣವನು?

ನಿನ್ನ ಕ್ಷಮೆ ನನಗೆ ಬೇಡ. ಹಣ್ಣು ಹಿಡಿದುಕೊಂಡು ಬಂದು ಮಾವನ ಕಾಲಿಗೆ ಬೀಳುವುದು ಬೇಡ, ಬಿದ್ದರೆ ಅವರು ಎತ್ತಿ ಅಪ್ಪಿಕೊಂಡುಬಿಡುತ್ತಾರೆ. ಆ ಎರಡು ವಿಡಿಯೋ ತೆಗೆ. ತೆಗೆಯುವ ಮುಂಚೆ ನಿನ್ನದೇ ಬಾಯಿಂದ, ಇಷ್ಟೇ ಸ್ವಚ್ಛವಾದ ಗಂಟಲಿನಿಂದ, ಆ ಚಾಕಿನಿಂದ ನಾನು ಒಂದು ಕಡ್ಡಿಯನ್ನೂ ಕೊಯ್ದಿರಲಿಲ್ಲ ಎಂದು ಹೇಳು. ಅಲ್ಲಿಯವರೆಗೆ ಈ ಮನೆಯ ಹೊಸ್ತಿಲು ನಿನಗಿಲ್ಲ.

ದೊಡ್ಡವಳು ನಾನು, ಕಾಗದದ ಕೊನೆಗೆ ಆಶೀರ್ವಾದ ಬರೆಯಬೇಕು. ಬದುಕಿರು. ಬದುಕಿದ್ದು, ಮಾಡಿದ್ದನ್ನು ಸರಿಮಾಡು. ಇದಕ್ಕಿಂತ ಹೆಚ್ಚಿನ ಆಶೀರ್ವಾದ ಈಗ ನನ್ನ ಹತ್ತಿರ ಇಲ್ಲ.

ನಿನ್ನ ಅಕ್ಕ
ಚಂದ್ರಕಲಾ

ತಾ.ಕ.: ಕಾಗದ ಮಡಚುವಷ್ಟರಲ್ಲಿ ವಾಡಿಯಿಂದ ಫೈಜಾನ್ ಎಂಬುವವನು ಮಾವನನ್ನು ಹುಡುಕಿಕೊಂಡು ಬಂದ. ನೆಲಕ್ಕೆ ಹಾಸುವ ಪರಸಿ ಕಲ್ಲಿನ ಲಾರಿ ಓಡಿಸುತ್ತಾನೆ. ನಿನ್ನ ವಿಡಿಯೋದಲ್ಲಿ ಮಾವನನ್ನು ನೋಡಿ, ನಿನಗೇ ವಾಟ್ಸಾಪ್ ಮಾಡಿ ತರಿಸಿಕೊಂಡ ಚಾಕು ಅವನ ಕೈಯಲ್ಲೂ ಮುರಿದಿದೆ. ಹೆಂಡತಿಯೊಂದಿಗೆ ಡೇರೆ ಹಾಕಿದ್ದಾಗ ಮುರಿದ ಅಲಗು ಅವಳ ಕಣ್ಣಿನ ಪಕ್ಕ, ಹುಬ್ಬಿಗೆ ಬಡಿದಿದೆ. ಕಣ್ಣು ಉಳಿದಿದೆ. ಆರ್ಡರ್ ಮಾಡಿದವರ ಹೆಸರು, ಫೋನ್ ನಂಬರ್ ಎಲ್ಲಾ ನಿನ್ನ ಹತ್ತಿರ ಇವೆ, ನಮ್ಮ ಹತ್ತಿರ ಇಲ್ಲ. ಒಬ್ಬರನ್ನೂ ಬಿಡದೆ ಬರೆದು ಕೊಡು, ಪ್ರತಿಯೊಬ್ಬರಿಗೂ ಮಾವನೇ ಫೋನ್ ಮಾಡುತ್ತಾರೆ. ಅಂಚೆಗೆ ಕೊಡಲು ತಾಳ್ಮೆಯಿಲ್ಲ. ಫೈಜಾನನ ಲಾರಿ ನಾಳೆ ಹೈದರಾಬಾದಿಗೆ ಹೊರಡುತ್ತದೆ, ಕಾಗದ ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ಈಗ ನಿನ್ನ ಬಾಗಿಲಲ್ಲಿ ನಿಂತು, ನೀನು ಇದನ್ನು ಓದಿ ಮುಗಿಸಲಿ ಎಂದು ಕಾಯುತ್ತಿರುವವನು ಅವನೇ. ಒಳಗೆ ಕರೆದು ಕೂರಿಸು, ನೀರು ಕೊಡು, ಪಟ್ಟಿ ಬರೆ. ಬರೆದು ಕೊಡುವವರೆಗೆ ಅವನು ಹೋಗುವುದಿಲ್ಲ.