ಬೇಕುಮನೆ, ಇದೆಮನೆ, ನಡುವಿನ ಕುರ್ಚಿ

ಮುದಗಲ್ಲು
ಫೆಬ್ರವರಿ ಮೂವತ್ತು, ಎರಡು ಸಾವಿರದ ಇನ್ನೂರ ಹನ್ನೊಂದು

ನಾನು ಹುಲಿಗೆಮ್ಮ. ರಾಜ್ಯದ ಹಣಕಾಸು ಮತ್ತು ಆಡಳಿತ ಇಲಾಖೆಯ ಕೇಳುಪೀಠದಲ್ಲಿ ನನ್ನ ಅಜ್ಜಿ ಕುಳಿತಿದ್ದಳು, ನನ್ನ ತಾಯಿ ಕುಳಿತಿದ್ದಳು, ಅವರ ನಂತರ ನಾನು ಕುಳಿತೆ. ನಾನು ರಸ್ತೆಗಿಳಿದರೆ ಕಾರ್ಯದರ್ಶಿಗಳೂ ಬದಿಗೆ ಸರಿಯುತ್ತಾರೆ. ಓದಿದ್ದು ಹತ್ತನೆಯ ತರಗತಿ. ಇದನ್ನು ನಾಚಿಕೆಯಿಂದ ಹೇಳುತ್ತಿಲ್ಲ. ಅದಕ್ಕಿಂತ ಹೆಚ್ಚು ಓದಿದವರನ್ನು ಆ ಪೀಠಕ್ಕೆ ತೆಗೆದುಕೊಳ್ಳುವುದಿಲ್ಲ.

ಇನ್ನೂರು ವರ್ಷ ಹಿಂದೆ ಇರುವ ನನ್ನ ಮನೆತನದ ಹೆಂಗಸರೇ, ಸರಕಾರಿ ಕಚೇರಿಯ ಕಿಟಕಿಯ ಮುಂದೆ ಸರತಿಯಲ್ಲಿ ನಿಂತಿರುವವರೇ, ಈ ಪತ್ರ ನಿಮಗೆ. ನನ್ನ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ಮೇಲಿನ ತಾರೀಖೇ ನಿಮ್ಮಲ್ಲಿಲ್ಲ. ಸಂಬಳದ ಲೆಕ್ಕಕ್ಕೆ ತೊಡಕಾಗುತ್ತದೆಂದು ನಮ್ಮ ಇಲಾಖೆ ಎಲ್ಲ ತಿಂಗಳನ್ನೂ ಮೂವತ್ತು ದಿನಕ್ಕೆ ಕತ್ತರಿಸಿತು. ವರ್ಷದ ಕೊನೆಗೆ ಮಿಕ್ಕ ದಿನಗಳಿಗೆ ಹೊರದಿನಗಳು ಎನ್ನುತ್ತೇವೆ. ಆಗ ಇಲಾಖೆಗೆ ಬೀಗ. ಆ ದಿನಗಳಲ್ಲಿ ಹುಟ್ಟಿದ ಮಗುವಿಗೂ ಮರುವರ್ಷದ ಮೊದಲ ದಿನವೇ ಹುಟ್ಟುಹಬ್ಬ.

ಇಲಾಖೆಯ ಒಳಗೆ ಯಾರು ಏನು ಮಾಡುತ್ತಾರೆಂದು ನಿಮ್ಮ ಕಾಲದಲ್ಲಿ ಕಿಟಕಿಯ ಹೊರಗಿನವರಿಗೆ ತಿಳಿಯುತ್ತಿರಲಿಲ್ಲವಂತೆ. ನಮ್ಮಲ್ಲಿ ಶಾಲೆಯ ಮಕ್ಕಳಿಗೂ ಗೊತ್ತು. ಒಂದು ದೊಡ್ಡ ಅಂಗಳ. ಪೂರ್ವಕ್ಕೆ ಆಡಳಿತದವರು. ನೇಮಕ, ವರ್ಗಾವಣೆ, ಕಟ್ಟಡ, ವಾಹನ, ಆಸ್ಪತ್ರೆಯ ಔಷಧಿ, ಎಲ್ಲವನ್ನೂ ಬೇಕೆಂದು ಕೇಳುವವರು ಅವರು. ಜನ ಅದನ್ನು ಬೇಕುಮನೆ ಎನ್ನುತ್ತಾರೆ. ಎದುರಿಗೆ ಹಣಕಾಸಿನವರು. ಮೇಲಿನ ಮಹಡಿಯಲ್ಲಿ ಆಯವ್ಯಯ ಶಾಖೆ, ಕೆಳಗೆ ಖಜಾನೆ. ಏನಿದೆ, ಏನಿಲ್ಲ ಎಂದು ಹೇಳುವುದು ಅವರ ಕೆಲಸವಾದ್ದರಿಂದ ಅದು ಇದೆಮನೆ. ಇವೆರಡರ ಅಧಿಕಾರಿಗಳು ಒಂದೇ ಕ್ಯಾಂಟೀನಿನಲ್ಲಿ ಉಣ್ಣುವಂತಿಲ್ಲ. ಉಣ್ಣುತ್ತ ಉಣ್ಣುತ್ತ ಒಪ್ಪಿಗೆಗಳು ಆಗಿಬಿಡುತ್ತವೆ ಎಂಬ ಭಯ. ಇದೆಮನೆಯ ಕ್ಯಾಂಟೀನಿನ ಸಾರಿನಲ್ಲಿ ರುಚಿಯಿಲ್ಲ, ಹಾಗಾಗಿ ಬೇಕುಮನೆಗೆ ವರ್ಗ ಕೇಳುವವರು ಯಾವಾಗಲೂ ಇದ್ದೇ ಇರುತ್ತಾರೆ. ಲೆಕ್ಕಪರಿಶೋಧಕರಿಗೆ ಅಂಗಳದ ಆಚೆ ಬೇರೆಯೇ ಗೇಟು. ಹೇಳಿದ ಕೆಲಸ ಆಯಿತೇ ಎಂದು ವರ್ಷವಿಡೀ ಕೇಳುತ್ತ ತಿರುಗುವ ಅವರದು ಆಯ್ತೇಮನೆ. ಅವರನ್ನು ಮದುವೆಗೆ ಕರೆಯುವವರು ಕಡಿಮೆ.

ಅಂಗಳದ ನಡುವೆ ತಗಡಿನ ಚಪ್ಪರ, ಅದರ ಕೆಳಗೆ ಕೇಳುಪೀಠ. ಬೇಕುಮನೆಯ ಯಾವ ಪ್ರಸ್ತಾವವೂ ನೇರವಾಗಿ ಇದೆಮನೆಗೆ ಹೋಗುವುದಿಲ್ಲ. ಅಧಿಕಾರಿ ಬಂದು, ಕಾಗದ ಕೆಳಗಿಟ್ಟು, ಬಾಯಿಮಾತಿನಲ್ಲಿ ನನಗೆ ಹೇಳಬೇಕು. ತಿಳಿದರೆ ತಲೆಯಾಡಿಸುತ್ತೇನೆ. ಇಲ್ಲವಾದರೆ ‘ತಿಳೀಲಿಲ್ಲ’ ಎನ್ನುತ್ತೇನೆ, ಕಡತ ಹಿಂದಕ್ಕೆ ಹೋಗುತ್ತದೆ. ಮಂತ್ರಿಗಳೂ ಇದನ್ನು ಮೀರುವಂತಿಲ್ಲ.

ನನ್ನ ನಂತರ ಮೊಮ್ಮಗಳು ಶರಣಿ ಕೂರಬೇಕಿತ್ತು. ಅದಕ್ಕಾಗಿಯೇ ಅವಳು ಹತ್ತನೆಯದಕ್ಕೆ ಓದು ನಿಲ್ಲಿಸಿದಳು. ನನ್ನ ಪಕ್ಕದ ಮಣೆಯ ಮೇಲೆ ಕುಳಿತು, ಯಾವ ಶಾಖೆಯಿಂದ ಯಾವ ಶಾಖೆಗೆ ಏನು ಹೋಗುತ್ತದೆ, ಯಾವ ಮಾತಿಗೆ ಯಾರು ಸಹಿ ಹಾಕುತ್ತಾರೆ ಎಂಬುದನ್ನೆಲ್ಲ ಕಲಿತಳು. ಊರವರು ಅವಳನ್ನು ಸಣ್ಣಪೀಠ ಎಂದು ಕರೆಯುತ್ತಿದ್ದರು. ನನಗೆ ಅದು ಕೇಳಲು ಹಿತವಾಗಿತ್ತು.

ಕಳೆದ ತಿಂಗಳು ಬೇಕುಮನೆಯ ಉಪಕಾರ್ಯದರ್ಶಿ ಖಾಜಾಹುಸೇನ ಬಂದ. ಕೃಷ್ಣೆಯ ನಡುಗಡ್ಡೆಗಳಿಗೆ ಹೋಗುವ ದವಾಖಾನೆ ದೋಣಿಯ ವಿಷಯ. ನಡುಗಡ್ಡೆಯ ಸೇವೆಯನ್ನು ದಡದ ಸೇವೆಯೊಡನೆ ಸಮನ್ವಯಗೊಳಿಸುವುದು ಎಂದು ಆರಂಭಿಸಿದ. ಶರಣಿ ಅಲ್ಲಿಗೇ ತಡೆದು, “ತಿಳೀತು ಬಿಡ್ರಿ ಕಾಕಾ, ಮುಂದಿಂದು ಹೇಳ್ರಿ” ಎಂದಳು. ಮುಂದಿನದನ್ನೂ ಅವಳೇ ಹೇಳಿ ಮುಗಿಸಿದಳು. ಅವಳಿಗೆ ತಿಳಿದಿದೆಯಲ್ಲ ಎಂದು ನಾನು ತಲೆಯಾಡಿಸಿದೆ. ಕಡತ ಇದೆಮನೆಗೆ ಹೋಯಿತು.

ಮಧ್ಯಾಹ್ನ ಊಟಕ್ಕೆ ಕುಳಿತಾಗ ಕೇಳಿದೆ.

“ಅಲ್ಲವಾ, ಆ ದೋಣಿ ಇನ್ನ ಹೋಗತೈತೋ ಇಲ್ಲೋ?”

“ಹೋಗಂಗಿಲ್ಲ ಆಯಿ. ಸಮನ್ವಯ ಅಂದ್ರ ನಿಲ್ಲಸೂದು. ಗೊತ್ತಿದ್ದದ್ದ ಅಲ್ಲೇನು ಅದು?”

ಅವಳ ದನಿಯಲ್ಲಿ ಕಳ್ಳತನವಿರಲಿಲ್ಲ. ರೊಟ್ಟಿ ಮುರಿಯುತ್ತ ಹೇಳಿದಳು. ಊಟ ಬಿಟ್ಟು ಅಂಗಳಕ್ಕೆ ಹೋಗಿ ಕಡತ ಹಿಂದಕ್ಕೆ ತರಿಸಿದೆ. ಖಾಜಾಹುಸೇನನನ್ನು ಕರೆದು, ನಿಲ್ಲಿಸುತ್ತೇವೆ ಎಂಬ ಮಾತನ್ನು ಯಾಕೆ ಹೇಳಲಿಲ್ಲ ಎಂದು ಗದರಿದೆ. ಅವನು ಗಾಬರಿಯಾಗದೆ, “ಹೇಳಾಕ ಅಂಜಕೋತ ಬಂದಿದ್ದೆ ಯವ್ವಾ. ಹೇಳೂ ಪಾಳೀನ ಬರಲಿಲ್ಲ” ಎಂದ.

ಆ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ಪೀಠ ಇಟ್ಟವರು ಅಲ್ಲಿ ಜಾಣರು ಕೂರಲಿ ಎಂದು ಇಟ್ಟಿರಲಿಲ್ಲ. ನಡುಗಡ್ಡೆಯ ಬಸುರಿಗೆ ದೋಣಿ ಬರುವುದಿಲ್ಲ ಎಂಬುದನ್ನು ಒಬ್ಬ ಅಧಿಕಾರಿ ತನ್ನ ಬಾಯಿಂದಲೇ, ಎದುರಿಗಿದ್ದವರ ಮುಖ ನೋಡಿ ಹೇಳಬೇಕು, ಅಷ್ಟಕ್ಕೇ ಇಟ್ಟಿದ್ದರು. ಮೂರು ತಲೆಮಾರು ಅಲ್ಲೇ ಕುಳಿತು ನಮ್ಮ ಮನೆತನ ಇಲಾಖೆಯ ಭಾಷೆಯನ್ನು ಇಲಾಖೆಗಿಂತ ಚೆನ್ನಾಗಿ ಕಲಿತಿದೆ. ಅಂಜುತ್ತ ಬಂದವರಿಗೂ ನಮ್ಮೆದುರು ಈಗ ಅಂಜಿಕೆ ಉಳಿಯುವುದಿಲ್ಲ.

ಶರಣಿಗೆ ಹೇಳಿದೆ. “ಹಂಗಾರ ನಾ ಕಲತದ್ದ ತಪ್ಪಾತೇನು? ಓದು ಬಿಡಂದಾಕಿ ನೀನ” ಎಂದಳು. ಕಲಿತದ್ದು ತಪ್ಪಲ್ಲ, ಕಲಿತವಳು ಕೂರುವ ಜಾಗ ಅದಲ್ಲ ಎಂದೆ. ಬೇಕುಮನೆಗೆ ಸೇರಲು ಬೇಕಾದ ಓದಿನ ಅರ್ಜಿಯನ್ನು ಅವಳ ಮುಂದಿಟ್ಟೆ. ಅದನ್ನು ಮುಟ್ಟಿಲ್ಲ. ನನ್ನೊಡನೆ ಮಾತೂ ಬಿಟ್ಟಿದ್ದಾಳೆ. ಈ ಮನೆಯಲ್ಲಿ ನನಗೆ ಎದುರು ಮಾತಾಡುತ್ತಿದ್ದವಳು ಅವಳೊಬ್ಬಳೇ.

ನಿಮ್ಮಲ್ಲಿ ಒಂದು ಕೇಳಿಕೊಳ್ಳುತ್ತೇನೆ. ಕಿಟಕಿಯ ಒಳಗಿನವರು ಏನಾದರೂ ಹೇಳಿದಾಗ, ಹಿಂದೆ ನಿಂತವರು ಗೊಣಗಿದರೂ ಸರಿ, ತಿಳಿಯದಿದ್ದರೆ ತಿಳಿಯಿತು ಎನ್ನಬೇಡಿ. ತಿಳಿದಿದ್ದರೂ ಅವರು ಪೂರ್ತಿ ಹೇಳುವ ತನಕ ನಿಲ್ಲಿ.

ನಿನ್ನೆ ಬೆಳಗ್ಗೆ ನಮ್ಮ ಮನೆತನದ ಹಕ್ಕನ್ನು ಬರೆದುಕೊಟ್ಟು, ಊರವರ ಹೆಸರಿನ ಚೀಟಿಗಳಲ್ಲಿ ಒಂದನ್ನು ಎತ್ತಿಸಿದೆ. ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುವ ಯಂಕೋಬನ ಹೆಸರು ಬಂತು. ಎಲೆಯಡಿಕೆ ಜಗಿಯುತ್ತಲೇ ಬಂದ. ನನಗೆ ಹಿಡಿಸಲಿಲ್ಲ. “ನನಗೇನ್ ತಿಳೀತೈತ್ರೀ ಯವ್ವಾ, ನನ್ನ ಯಾಕ ಕರದ್ರಿ” ಎಂದ. ಉಗಿದು ಬಂದು ಕೂಡು ಎಂದೆ. ಖಾಜಾಹುಸೇನ ಕಾಗದ ಕೆಳಗಿಟ್ಟು, ದೋಣಿಯ ವಿಷಯವನ್ನು ಮತ್ತೆ ಮೊದಲಿನಿಂದ ಆರಂಭಿಸಿದ. ಯಂಕೋಬ ಮೊದಲ ಮಾತಿಗೇ ‘ತಿಳೀಲಿಲ್ಲ’ ಎಂದ. ಖಾಜಾಹುಸೇನ ಹಣೆ ಒರೆಸಿಕೊಂಡ.

ನಾನು ಚಪ್ಪಲಿ ಮೆಟ್ಟಿ ಮನೆಗೆ ಬಂದೆ.