ಹತ್ತನೆಯವರು ಬರುವವರೆಗೆ

ಮಾನ್ಯ ಲಸಿಕೆ ದಾನ ವಿಭಾಗದ ಮುಖ್ಯಸ್ಥರೇ,

ನಿಮ್ಮ ಶ್ರೀಮಂತ ದೇಶ ನಮಗೆ ದಯಪಾಲಿಸಿದ ಲಸಿಕೆಯ ಪೆಟ್ಟಿಗೆ ತಲುಪಿದೆ. ಅವಧಿ ಮುಗಿಯಲು ಇನ್ನು ಹನ್ನೊಂದು ದಿನವಿದೆ. ಎಂದಿನಂತೆ ಜೊತೆಯಲ್ಲಿ ನಿಮ್ಮ ನಿಯಮವೂ ಬಂದಿದೆ: ಒಂದು ಡೋಸ್ ಪೋಲಾದರೂ ಮುಂದಿನ ಕಂತಿನಲ್ಲಿ ಕಡಿತ. ನನ್ನ ತಕರಾರು ಈ ನಿಯಮದ ಮೇಲೆ. ಅದನ್ನು ಹಿಂದಿನ ಸಲ ನಾನು ಚಾಚೂತಪ್ಪದೆ ಪಾಲಿಸಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಎರಡು ಕೋಣೆಯ ಸಣ್ಣ ಆಸ್ಪತ್ರೆಯ ನರ್ಸ್. ನಿಮ್ಮಲ್ಲಿ ಒಬ್ಬರಿಗೊಂದು ಸೀಸೆಯಂತೆ. ನಮಗೆ ಬರುವುದು ಹತ್ತು ಜನರಿಗೊಂದು. ಒಮ್ಮೆ ಸೀಸೆಗೆ ಸೂಜಿ ಚುಚ್ಚಿದರೆ ಆರು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ಚೆಲ್ಲಬೇಕು. ಹಾಗಾಗಿ ಹತ್ತು ಜನ ಕೂಡುವವರೆಗೆ ನಾವು ಸೀಸೆ ಮುಟ್ಟುತ್ತಿರಲಿಲ್ಲ.

ಹಿಂದಿನ ಪೆಟ್ಟಿಗೆ ಬಂದಾಗ ಬೆಂಚಿನ ಮೇಲೆ ಒಂಬತ್ತು ಜನ ಕೂತಿದ್ದರು. ಒಂಬತ್ತನೆಯವಳು ನನ್ನ ಅಕ್ಕ. ಹೊಲಿಗೆ ಅಂಗಡಿ ಮುಚ್ಚಿ, ಕುತ್ತಿಗೆಯಲ್ಲಿ ಅಳತೆಪಟ್ಟಿ ಹಾಗೇ ನೇತಾಡುತ್ತಿರಲು ಓಡಿ ಬಂದಿದ್ದಳು.

"ಇನ್ನೊಬ್ರು ಬರ್ಲಿ ಅಕ್ಕ, ತೆಗೀತೀನಿ" ಎಂದೆ.

"ನಂಗೇ ಎರಡು ಚುಚ್ಚಮ್ಮ, ಹತ್ತಾಗತ್ತೆ" ಎಂದರು ಪಕ್ಕದಲ್ಲಿದ್ದ ಮುದಿ ಬಸ್ ಡ್ರೈವರ್. ಎಲ್ಲರೂ ನಕ್ಕೆವು. ಸಂಜೆಯಾದರೂ ಹತ್ತನೆಯವರ ಸುಳಿವಿಲ್ಲ.

"ಒಡಹುಟ್ಟಿದವಳಿಗೂ ನಿಯಮಾನೇನೇ?" ಎಂದಳು ಅಕ್ಕ.

"ಒಂದು ಪೋಲಾದ್ರೆ ಊರಿಗೇ ಕಡಿಮೆ ಕಳಿಸ್ತಾರೆ. ನಾಳೆ ಬಾ ಅಕ್ಕ."

ಮರುದಿನ ಅವಳಿಗೆ ಕೈತುಂಬ ಕೆಲಸ. ಮತ್ತೆ ಬರುವಷ್ಟರಲ್ಲಿ ಪೆಟ್ಟಿಗೆ ಖಾಲಿ. ಮೂರನೆಯ ವಾರ, ಆ ಲಸಿಕೆ ತಡೆಯಬೇಕಿದ್ದ ಜ್ವರವೇ ಬಂತು. ತಿಂಗಳ ಕೊನೆಗೆ ನನ್ನ ಅಕ್ಕ ತೀರಿಕೊಂಡಳು. ಆ ತಿಂಗಳ ವರದಿಯಲ್ಲಿ ನಾನು 'ಪೋಲು: ಸೊನ್ನೆ' ಎಂದು ಬರೆದೆ, ನಿಮ್ಮ ವಿಭಾಗದಿಂದ ಮೆಚ್ಚುಗೆಯ ಪತ್ರ ಬಂತು. ಅದನ್ನು ಎಲ್ಲಿಡಬೇಕೆಂದು ನನಗೆ ಈಗಲೂ ತಿಳಿದಿಲ್ಲ.

ಅದೇ ವಾರ ಪತ್ರಿಕೆಯಲ್ಲಿ ಓದಿದೆ: ನಾವು ಸಾಲಿನಲ್ಲಿ ನಿಲ್ಲುವ ಮೊದಲೇ ನಿಮ್ಮ ದೇಶ ತಲೆಗೆ ಐದರಂತೆ ಕೊಂಡು, ಮಿಕ್ಕಿದ್ದನ್ನು ಅವಧಿ ಮುಗಿದ ಮೇಲೆ ಲಾರಿಗಟ್ಟಲೆ ಸುಟ್ಟಿತಂತೆ. ಸ್ವಾಮಿ, ಅದಕ್ಕೆ ನಿಮ್ಮ ಯಾವ ಕಂತು ಕಡಿತವಾಯಿತು? ಕೊಂಡವರು ಸುಟ್ಟರೆ ಅದು ಬರೀ ಮಿಕ್ಕಿದ್ದು, ಬೇಡಿದವರು ಚೆಲ್ಲಿದರೆ ಅಪರಾಧವೇ? ಸಿಟ್ಟಿನಿಂದ ಕೇಳುತ್ತಿಲ್ಲ. ಸಿಟ್ಟಿಗೂ ತ್ರಾಣ ಬೇಕು.

ಕೇಳುವುದಿಷ್ಟೇ. ಆ ಕಡಿತದ ನಿಯಮವನ್ನು ಹೊಡೆದುಹಾಕಿ. ಲಸಿಕೆಯನ್ನು ನಿಮಗೆ ಬೇಡವಾದ ಮೇಲಲ್ಲ, ನಮಗೆ ಬೇಕಾದಾಗ ಕಳಿಸಿ. ಅಲ್ಲಿಯವರೆಗೆ ನಾನು ಪಾಲಿಸುವುದಿಲ್ಲ. ನಿನ್ನೆಯೇ ತಪ್ಪಿದ್ದೇನೆ, ಬರೆದುಕೊಳ್ಳಿ. ಮಧ್ಯಾಹ್ನ ಲಾರಿ ತೊಳೆಯುವ ಹೆಂಗಸೊಬ್ಬಳು ಒದ್ದೆ ಸೆರಗಿನಲ್ಲೇ ಬಂದು, ಖಾಲಿ ಬೆಂಚು ನೋಡಿ ಬಾಗಿಲಲ್ಲೇ ನಿಂತಳು.

"ಎಷ್ಟು ಜನ ಆಗ್ಬೇಕು ಸಿಸ್ಟರ್?"

"ನೀನೊಬ್ಳೇ ಸಾಕು, ಬಾಮ್ಮ" ಎಂದೆ.

ಇಂತಿ,
ತಡವಾಗಿ ಬುದ್ಧಿ ಬಂದ ನರ್ಸ್