ಮಾನ್ಯಳ ಬೆನ್ನ ಹಿಂದೆ

ಹೊಳೆನರಸೀಪುರ
೧೧ ನವೆಂಬರ್ ೨೦೨೫, ಮಂಗಳವಾರ

ಪ್ರೀತಿಯ ಶೋಭಿತಾ,

ನೀವೆಲ್ಲ ಚೆನ್ನಾಗಿದ್ದೀರಿ ತಾನೆ? ದೀಪಾವಳಿಗೆ ನೀನು ಕಳಿಸಿದ ಸೀರೆ ಆಗಲೇ ಬಂತು. ಬಂತೆಂದು ತಿಳಿಸುವಷ್ಟೂ ವ್ಯವಧಾನವಿಲ್ಲವಾ ಇವಳಿಗೆ ಅಂತ ಬೈದುಕೊಂಡಿರುತ್ತೀಯ. ಬೈಯಿ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಅದಕ್ಕೇ ಬರೆಯಲು ಕೂತೆ. ಅಕ್ಷರ ಸೊಟ್ಟಗಿದ್ದರೆ ಮಣಿಕಟ್ಟು ಊದಿಕೊಂಡಿದೆ ಅಂತ ತಿಳಿದುಕೋ.

ನಾನು ಹಾಸನದ ಒಂದು ಸ್ಕೇಟಿಂಗ್ ಕ್ಲಬ್ ಸೇರಿದ್ದೇನೆ ಕಣೇ. ನಗಬೇಡ. ಕೊಣನೂರಿನಲ್ಲಿ ಸೈಕಲ್ ಕಲಿಯಲೂ ಹೆದರಿದವಳು ಈಗ ಒಂದೇ ಸಾಲಿಗೆ ಗಾಲಿ ಜೋಡಿಸಿದ ಬೂಟು ಹಾಕಿಕೊಂಡು ಡಾಂಬರಿನ ಮೇಲೆ ಓಡುತ್ತಿದ್ದೇನೆ. ಓಡುವುದಕ್ಕಿಂತ ಬೀಳುವುದೇ ಹೆಚ್ಚು.

ಎಲ್ಲ ಮಾನ್ಯಳಿಗಾಗಿ. ಚನ್ನರಾಯಪಟ್ಟಣದ ಆ ಮನೆಯಿಂದ ನಾನು ಹೊರಬಿದ್ದಾಗ ಮಗಳನ್ನು ಅವರು ನನ್ನ ಜೊತೆ ಕಳಿಸಲಿಲ್ಲ, ನಿನಗೆ ಗೊತ್ತು. ಆಗ ಅವಳಿಗೆ ಏಳು ವರ್ಷ, ಈಗ ಹತ್ತು. ತಿಂಗಳಿಗೊಮ್ಮೆ ನನಗೆ ತೋರಿಸಬೇಕೆಂದು ಕೋರ್ಟು ಹೇಳಿತ್ತು. ಮೊದಮೊದಲು ಅವಳಪ್ಪ ಬಸವೇಶ ಕರೆತಂದರು. ಆಮೇಲೆ ಒಂದು ತಿಂಗಳು ಜ್ವರ, ಇನ್ನೊಂದು ತಿಂಗಳು ಪರೀಕ್ಷೆ, ಮತ್ತೊಂದು ತಿಂಗಳು ಯಾರದೋ ಗೃಹಪ್ರವೇಶ. ಕೊನೆಗೆ ನೆಪ ಹೇಳುವುದನ್ನೂ ಬಿಟ್ಟರು. ವಕೀಲರನ್ನು ಕೇಳಿದರೆ, "ಅರ್ಜಿ ಹಾಕಿದ್ದೀವಲ್ಲಮ್ಮ, ಸ್ವಲ್ಪ ತಾಳ್ಮೆ ಇರ್ಲಿ" ಅನ್ನುತ್ತಾರೆ. ಬೆಳೆಯುವ ಮಗುವಿಗೆ ತಾಳ್ಮೆ ಎಲ್ಲಿಂದ ಬರಬೇಕು ಹೇಳು? ಅವಳ ಮುಂದಿನ ಹಲ್ಲು ಯಾವಾಗ ಬಂತು ಅನ್ನುವುದೂ ನನಗೆ ತಿಳಿಯಲಿಲ್ಲ.

ಚನ್ನರಾಯಪಟ್ಟಣದಲ್ಲಿ ನಮ್ಮ ಎದುರುಮನೆಯಲ್ಲಿದ್ದ ಹೊನ್ನಕ್ಕ ಮಳೆಗಾಲದಲ್ಲಿ ನಮ್ಮ ಲ್ಯಾಬಿಗೆ ಬಂದಿದ್ದಳು. ರಕ್ತ ತೆಗೆಯುವಾಗ ಮೆಲ್ಲಗೆ ಹೇಳಿದಳು: "ನಿನ್ ಮಗ್ಳು ಹಾಸನದಲ್ಲಿ ಗಾಲಿ ಕಟ್ಕಂಡು ಓಡೋದ್ ಕಲೀತಾವ್ಳೆ ಕಣವ್ವ. ಭಾನ್ವಾರ ಭಾನ್ವಾರ ಅಜ್ಜಿ ಕರ್ಕಂಡ್ ಓಯ್ತಾರೆ." ಸೂಜಿ ತೆಗೆದು ಹತ್ತಿ ಒತ್ತಿದವಳೇ ಎಲ್ಲಿ, ಎಷ್ಟು ಹೊತ್ತಿಗೆ ಅಂತ ವಿಚಾರಿಸಿಕೊಂಡೆ.

ಮರುವಾರವೇ ಹೋದೆ. ಊರ ಹೊರಗಿನ ಹೊಸ ಬಡಾವಣೆ. ಮನೆಗಳಿನ್ನೂ ಎದ್ದಿಲ್ಲ, ರಸ್ತೆ ಮಾತ್ರ ನುಣ್ಣಗೆ ಬಿದ್ದುಕೊಂಡಿದೆ. ನಾನು ರಸ್ತೆ ಬದಿಯಲ್ಲಿ ನಿಂತಿದ್ದನ್ನು ಅತ್ತೆ ಶಿವಗಂಗಮ್ಮನವರು ನೋಡಿದ್ದೇ ತಡ, ಮಾನ್ಯಳ ಬೂಟು ಬಿಚ್ಚಿಸಿ ಕಾರು ಹತ್ತಿಸಿದರು. ಅಲ್ಲಿ ಕಲಿಸುವ ಪಾಲಾಕ್ಷ ಸರ್, ನಾನು ಯಾರೆಂದು ತಿಳಿಯದೆ, "ಸುಮ್ನೆ ಯಾಕ್ ನಿಂತ್ಕತೀರಾ ಮೇಡಂ, ದೊಡ್ಡವ್ರಿಗೂ ಬ್ಯಾಚ್ ಐತೆ, ಸೇರ್ಕಳಿ" ಅಂದರು. ಹೊರಗೆ ನಿಂತವಳನ್ನು ಓಡಿಸಬಹುದು, ಕ್ಲಬ್ಬಿನವಳನ್ನು ಯಾರು ಓಡಿಸುತ್ತಾರೆ? ಅಲ್ಲೇ ಹೆಸರು ಕೊಟ್ಟೆ.

ಅತ್ತೆ ಮುಂದಿನ ಭಾನುವಾರ ನನ್ನನ್ನು ಹೆಲ್ಮೆಟ್ಟಿನಲ್ಲಿ ಕಂಡು, "ಏನೇ ಇದು ವೇಸ? ಈ ವಯಸ್ನಲ್ಲಿ ಚಕ್ರ ಕಟ್ಕಂಡು ಕುಣೀತೀಯಲ್ಲ, ನಾಚ್ಕೆ ಆಗಲ್ವಾ?" ಅಂದರು. ಆಗಲಿಲ್ಲ ಶೋಭಿ. ನಾಚಿಕೆ ಅನ್ನುವುದು ನನ್ನಲ್ಲಿ ಉಳಿದೇ ಇಲ್ಲ. ಮಾನ್ಯ ಕ್ಲಬ್ ಬಿಡುವುದಿಲ್ಲವೆಂದು ಹಟ ಹಿಡಿದಳಂತೆ, ಹಾಗಾಗಿ ಅವರೂ ಕುರ್ಚಿ ಹಾಕಿಕೊಂಡು ಕಾವಲು ಕೂತರು.

ಅವರು ಕೂತಲ್ಲಿಗೆ ಆಚೆಯ ತಿರುವು ಕಾಣುವುದಿಲ್ಲ, ನೀರಿನ ಟ್ಯಾಂಕ್ ಅಡ್ಡ ಇದೆ. ನಾನು ಅಲ್ಲಿ ಕಂಬ ಹಿಡಿದು ತತ್ತರಿಸುತ್ತಿದ್ದಾಗ ಮಾನ್ಯ ಸರ್ರನೆ ಬಂದವಳು, "ಮಂಡಿ ಬಗ್ಸಮ್ಮ" ಅಂದು ದಾಟಿ ಹೋದಳು. ಕಂಬ ಬಿಟ್ಟು ಮಂಡಿ ಬಗ್ಗಿಸಿದೆ. ಮತ್ತೆ ಸುತ್ತಿ ಬಂದಾಗ, "ನೆಲ ನೋಡ್ಬೇಡ" ಅಂದಳು. ಅಲ್ಲಿಂದ ನಮ್ಮ ಮಾತೆಲ್ಲ ಆ ತಿರುವಿನಲ್ಲೇ. "ಜಡೆ ಯಾರ್ ಹಾಕ್ತಾರೆ ಪುಟ್ಟಿ?" ಅಂತ ಕೇಳಿದರೆ ಅವಳು ಪೂರ್ತಿ ಒಂದು ಸುತ್ತು ಹೋಗಿ ಬಂದು, "ನಾನೇ" ಅನ್ನುವಳು. "ನನ್ನ ಮೇಲೆ ಕೋಪಾನಾ?" ಅಂತ ಒಮ್ಮೆ ಕೇಳಿದೆ. ಮುಂದಿನ ಸುತ್ತಿನಿಂದ ಅವಳು ರಸ್ತೆಯ ಆಚೆ ಅಂಚು ಹಿಡಿದು ದಾಟತೊಡಗಿದಳು.

ಮೊನ್ನೆ ಭಾನುವಾರ ಪಾಲಾಕ್ಷ ಸರ್ ದೊಡ್ಡವರನ್ನೂ ಮಕ್ಕಳನ್ನೂ ಕೂಡಿಸಿ ಸಾಲಾಗಿ ಓಡಿಸಿದರು. ಮುಂದಿನವರ ಬೆನ್ನಿನ ಮೇಲೆ ಕೈಯಿಟ್ಟು ಎಲ್ಲರೂ ಒಂದೇ ಹೆಜ್ಜೆಯಲ್ಲಿ ಸಾಗಬೇಕು. ನನ್ನ ಮುಂದೆ ಮಾನ್ಯ. ಎರಡು ವರ್ಷದ ಮೇಲೆ ನನ್ನ ಮಗಳ ಬೆನ್ನು ಮುಟ್ಟಿದೆ. ಟೀ ಶರ್ಟು ಬೆವರಿನಲ್ಲಿ ಒದ್ದೆಯಾಗಿತ್ತು. ಒಳಗೆ ಬೆನ್ನೆಲುಬು ಕೈಗೆ ಸಿಗುತ್ತಿತ್ತು. ಸಣ್ಣಗಾಗಿದ್ದಾಳೆ. ಕೈಯನ್ನು ಹಗುರವಾಗಿ ಇಡಬೇಕಿತ್ತು, ನನ್ನಿಂದ ಆಗಲಿಲ್ಲ, ಅವಚಿ ಹಿಡಿದಂತೆ ಒತ್ತಿದೆ. ಅವಳು ಕತ್ತು ತಿರುಗಿಸಿ ನನ್ನನ್ನು ನೋಡಿದಳು. ಅಷ್ಟೇ, ಗಾಲಿಗೆ ಗಾಲಿ ತಗುಲಿ ಬಿದ್ದಳು. ಅವಳ ಮೇಲೆ ನಾನು ಬೀಳಬಾರದೆಂದು ಪಕ್ಕಕ್ಕೆ ಹಾರಿದೆ, ಮಣಿಕಟ್ಟು ಉಳುಕಿದ್ದು ಆಗಲೇ. ಅವಳ ಮೊಣಕೈಯಿಂದ ರಕ್ತ ಇಳಿಯುತ್ತಿತ್ತು. ದಿನಾ ಹತ್ತಾರು ಜನರ ರಕ್ತ ನೋಡುವವಳು ನಾನು, ಇದನ್ನು ನೋಡಲಾರದೆ ಕಿರುಚಿದೆ.

ಅತ್ತೆ ಓಡಿಬಂದು, ಮಗುವನ್ನು ಹಿಡಿದಿದ್ದ ನನ್ನ ಕೈಯನ್ನು ಕಿತ್ತು ಬಿಡಿಸಿದರು. "ಮುಟ್ಬ್ಯಾಡ ಅವಳ್ನ! ಯಾಡ್ ವರ್ಸ ನಿದ್ದೇಲಿ ಬೆಚ್ಚಿ ಬೆಚ್ಚಿ ಬೀಳ್ತಿತ್ತು ಈ ಮಗ. ಈಗ್ತಾನೆ ನಗೋದ್ ಕಲ್ತದೆ. ಅದ್ನೂ ಕೆಡಿಸ್ಬ್ಯಾಡ ಕಣೇ, ನಿನ್ ದಮ್ಮಯ್ಯ" ಅಂದರು. ಅವರ ಕಣ್ಣಲ್ಲೂ ನೀರಿತ್ತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ನಿನ್ನೆ ಸಂಜೆ ಪಾಲಾಕ್ಷ ಸರ್ ಮನೆಗೆ ಹೋಗಿದ್ದೆ. ಅವರಿಗೆ ಈಗ ಎಲ್ಲ ಗೊತ್ತಾಗಿದೆ. "ಇನ್ ಮ್ಯಾಲೆ ಬರಬ್ಯಾಡಿ ಮೇಡಂ" ಅಂದರು. ಸಾಲಿಗೆ ಸೇರುವುದಿಲ್ಲ, ಮಕ್ಕಳಿಗೆ ನೀರು ಕೊಟ್ಟುಕೊಂಡಿರುತ್ತೇನೆ, ದೂರದ ಮೂಲೆಯಲ್ಲಿ ಇರುತ್ತೇನೆ ಅಂತ ಅಂಗಲಾಚಿದೆ. ಅವರ ಹೆಂಡತಿ ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟರು. ಅವರೆದುರಿಗೇ ಕಾಲು ಹಿಡಿಯಲು ಬಗ್ಗಿದೆ. ಎಲ್ಲ ಶಿವಗಂಗಮ್ಮನವರು ಮಾಡಿಸಿದ್ದು. ಇದ್ದ ಒಂದು ಭಾನುವಾರದ ಬೆಳಗನ್ನೂ ಕಿತ್ತುಕೊಂಡರು.

ನಿನ್ನ ಅತ್ತೆಯವರಿಗೆ ನಮಸ್ಕಾರ ತಿಳಿಸು. ಮಕ್ಕಳು ನೂರ್ಕಾಲ ನಿನ್ನ ಕಣ್ಣ ಮುಂದೆಯೇ ಬಾಳಲಿ. ಅವರ ತಲೆ ಬಾಚುವಾಗ ಅವಸರ ಮಾಡಬೇಡ.

ಇಂತಿ ನಿನ್ನ
ತೇಜಶ್ರೀ

ಮರೆತ ಮಾತು: ಮರೆತಿದ್ದಲ್ಲ, ಬರೆಯಲು ಕೈ ಬರಲಿಲ್ಲ. ಅತ್ತೆ ಏನೂ ಮಾಡಿಸಿಲ್ಲ. ನಾನು ಹೊರಡುವಾಗ ಪಾಲಾಕ್ಷ ಸರ್ ಗೇಟಿನವರೆಗೆ ಬಂದು ಹೇಳಿದರು, ಬರಬೇಡ ಅನ್ನಿ ಅಂತ ಕೇಳಿಕೊಂಡವಳು ಮಾನ್ಯ. "ಅಮ್ಮ ಇದ್ರೆ ನಂಗೆ ತಿರುಗ್ ತಿರುಗಿ ನೋಡೋ ಅಂಗಾಯ್ತದೆ ಸಾ. ಮುಂದೆ ಓಗಕ್ಕೇ ಆಗಲ್ಲ" ಅಂದಳಂತೆ. ಈ ಭಾನುವಾರ ಜಿಲ್ಲಾ ತಂಡದ ಆಯ್ಕೆ ಇದೆ. ಬರುವುದಿಲ್ಲ ಅಂತ ಸರ್‌ಗೆ ಮಾತು ಕೊಟ್ಟು ಬಂದಿದ್ದೇನೆ. ಆದರೆ ನನ್ನ ಮೇಲೆ ನನಗೇ ನಂಬಿಕೆಯಿಲ್ಲ. ಶನಿವಾರವೇ ಬಂದುಬಿಡು ಶೋಭಿ. ಬೆಳಿಗ್ಗೆ ನಾನು ಹೊರಟರೆ ಬಾಗಿಲಿಗೆ ಅಡ್ಡ ಕೂತುಕೋ. ಏನು ಹೇಳಿದರೂ ಬಿಡಬೇಡ.